ನೆರೆಹೊರೆಗೊಂದು ಸೂಚನಾಪತ್ರ

ಪಕ್ಕದ ಭೂಮಿಯನ್ನು ನಿವೇಶನಗಳಾಗಿ ವಿಭಾಗಿಸುವ ನಕ್ಷೆಗೆ ಸ್ಥಳೀಯಾಡಳಿತವು ಮುದ್ರೆಯೊತ್ತುವ ಮುನ್ನ, ನೆರೆಮನೆಯವನನ್ನು ಒಂದು ಮಾತು ಕೇಳಬೇಡವೇ?

ಕ್ಯಾಲಿಫೋರ್ನಿಯಾದ ವೆಂಚುರಾ ಕೌಂಟಿಯಲ್ಲಿ ಹುಟ್ಟಿದ ಈ ಪ್ರಶ್ನೆಯು 1979ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ತನ್ನ ಸ್ವತ್ತಿನಿಂದ ಬೀದಿಗಿದ್ದ ಏಕೈಕ ದಾರಿಗೆ ಅಡ್ಡಿಯಾದೀತು, ವಾಹನಸಂದಣಿ ಹೆಚ್ಚೀತು ಎಂದು ನೆರೆಯಾತನು ಮೊರೆಯಿಟ್ಟನು. ಪರಿಸರ ಸಂಬಂಧದ ಪತ್ರಗಳನ್ನು ಸಾರ್ವಜನಿಕ ಕಟ್ಟಡಗಳಲ್ಲಿ ಅಂಟಿಸಿ, ಕೇಳಿದವರಿಗೆ ಕಳುಹಿಸುವ ಪದ್ಧತಿಯೇ ಸಾಕೆಂದು ಕೌಂಟಿ ವಾದಿಸಿತು. ಕಚೇರಿಯ ಗೋಡೆಯನ್ನು ಓದಲೆಂದು ಯಾವ ಗೃಹಸ್ಥನು ಹೋದಾನು?

ಎಲ್ಲರಿಗೂ ಅನ್ವಯಿಸುವ ಶಾಸನವನ್ನು ರಚಿಸುವುದು ಬೇರೆ, ಗೊತ್ತಾದ ಒಂದು ಜಮೀನಿನ ವಿಷಯದಲ್ಲಿ ನಿರ್ಣಯ ನೀಡುವುದು ಬೇರೆ. ಎರಡನೆಯದು ನ್ಯಾಯವಿಚಾರಣೆಯ ಸ್ವರೂಪದ್ದಾದುದರಿಂದ, ಅದರಿಂದ ಗಣನೀಯವಾಗಿ ಬಾಧಿತರಾಗುವ ನೆರೆಯವರಿಗೆ ಮುಂಚಿತವಾಗಿ ಸೂಚನೆಯನ್ನೂ ತಮ್ಮ ಅಹವಾಲನ್ನು ಹೇಳಿಕೊಳ್ಳುವ ಅವಕಾಶವನ್ನೂ ಕೊಡತಕ್ಕದ್ದೆಂದು, ಸಂವಿಧಾನವನ್ನೇ ಆಧರಿಸಿ, ನ್ಯಾಯಾಲಯವು ಸಾರಿತು. ಎಷ್ಟು ಉಚಿತವಾದ ವಿವೇಚನೆ!

ಇಂದು ಅಲ್ಲಿ ಇಂಥ ನಕ್ಷೆಯ ಬಹಿರಂಗ ವಿಚಾರಣೆಗೆ ಕನಿಷ್ಠ 10 ದಿನ ಮೊದಲು, ಸುತ್ತಲಿನ 300 ಅಡಿಯೊಳಗಿನ ಸ್ವತ್ತುದಾರರಿಗೆ ಅಂಚೆಯ ಮೂಲಕ ಪತ್ರ ಹೋಗತಕ್ಕದ್ದು; ವಿಚಾರಣೆಯ ದಿನ, ವೇಳೆ, ಸ್ಥಳ, ಜಮೀನಿನ ವಿವರ ಅದರಲ್ಲಿರಬೇಕು. ವಿಳಾಸಗಳನ್ನು ಆರಿಸುವುದು ತೆರಿಗೆಯ ದಾಖಲೆಯಿಂದ. ಅದೇ ಬೀದಿಯಲ್ಲಿ ಬಾಡಿಗೆಗಿರುವ ಸಂಸಾರಗಳು ಆ ಪಟ್ಟಿಯೊಳಗೆ ಬಾರದಿರುವುದು ತುಂಬಬೇಕಾದ ಕೊರತೆಯೆಂದೇ ನನ್ನ ಭಾವನೆ.