ಆಟದ ಅಂಗಳದಲ್ಲಿ ಕನ್ನಡ ನಾಡು

ಗಣಕಯಂತ್ರದಲ್ಲಿ ಸಾಮ್ರಾಜ್ಯ ಕಟ್ಟಿ ಕಾದುವ ಆಟಗಳು ಅನೇಕ ಮಕ್ಕಳಿಗೆ ಇತಿಹಾಸದ ಮೊದಲ ಪಾಠವಾಗುತ್ತಿವೆ. ಅಂತಹ ಹೆಸರಾಂತ ಆಟ ‘ಏಜ್ ಆಫ್ ಎಂಪೈರ್ಸ್–2’ರಲ್ಲಿ 2013ರಿಂದ ಇಡೀ ಭಾರತಕ್ಕೆ ಒಂದೇ ನಾಗರಿಕತೆಯಿತ್ತು. 2022ರಲ್ಲಿ ಅದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕಾಯಿತು. ಇದು ಮೆಚ್ಚತಕ್ಕದ್ದೇ. ಆದರೆ ದ್ರಾವಿಡರ ಕಥಾಭಾಗ ರಾಜೇಂದ್ರ ಚೋಳನದು. ವಿಶೇಷ ಬಲ ಉರುಮಿ ಭಟರು ಮತ್ತು ತಿರಿಸಡೈ ಹಡಗು. ಕನ್ನಡದ ರಾಜ್ಯಗಳಿಗೆ ಪ್ರತ್ಯೇಕ ಮುಖವಿಲ್ಲ.

ಇಂತಹ ಹಲವು ಆಟಗಳನ್ನು ಆಡುವವರೇ ತಿದ್ದಿ ಬೆಳೆಸಬಹುದು. ಆ ತಿದ್ದುಪಡಿಗೆ ‘ಮಾಡ್’ ಎನ್ನುವರು. ನಮ್ಮ ತರುಣರು ಈ ಕಾರ್ಯಕ್ಕೆ ಕೈಹಾಕುವುದಾದರೆ ಅರಸರ ಹೆಸರು, ಲಾಂಛನಗಳನ್ನು ಬದಲಿಸಿದರೆ ಸಾಲದು. ನಾಡಿನ ಬಲವೂ ಕೊರತೆಯೂ ಆಟದ ನಿಯಮವಾಗಬೇಕು. ವಿಜಯನಗರಕ್ಕೆ ಉತ್ತಮ ಕುದುರೆಗಳು ಕಡಲಾಚೆಯಿಂದ ಬರುತ್ತಿದ್ದವು. ಆದುದರಿಂದ ಬಂದರು ಕೈತಪ್ಪಿದರೆ ಅದರ ಅಶ್ವದಳ ಸೊರಗಬೇಕು. ಹೊಯ್ಸಳರ ಹಿರಿಮೆ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆಯಲ್ಲಿದೆ. ರಾಷ್ಟ್ರಕೂಟರದು ಬೆಟ್ಟವನ್ನೇ ಕಡೆದ ಎಲ್ಲೋರದ ಕೈಲಾಸದಲ್ಲಿದೆ. ಇವರಿಬ್ಬರಿಗೂ ಒಂದೇ ಗುಡಿಯ ಚಿತ್ರ ಒಪ್ಪದು.

ಗಂಗರಿಗೆ ಏನು? ಉತ್ತರ ನಮ್ಮ ಹೆಬ್ಬಾಳದಲ್ಲೇ ಇದೆ. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಗಂಗ ಶ್ರೀಪುರುಷನ ಕಾಲದಲ್ಲಿ ಕಾದಿ ಮಡಿದ ಕಿತ್ತಯ್ಯನನ್ನು ಅದು ಸ್ಮರಿಸುತ್ತದೆ. ಅರಸನಲ್ಲದವನಿಗೂ ಕಲ್ಲು ನೆಟ್ಟು ಗೌರವಿಸಿದ ಸಮಾಜವದು. ಗಂಗರ ಭಟನೊಬ್ಬ ಮಡಿದೆಡೆ ವೀರಗಲ್ಲು ನಿಂತು, ಉಳಿದವರ ಧೈರ್ಯ ಹೆಚ್ಚುವಂತೆ ಆಟ ರಚಿಸಬಾರದೇಕೆ?

ಪಾಲಕರು ಆಟವನ್ನು ಬರಿದೆ ಗದರಿ ನಿಲ್ಲಿಸುವ ಬದಲು, ಮಕ್ಕಳನ್ನೊಮ್ಮೆ ಆ ಕಲ್ಲಿನ ಮುಂದೆ ನಿಲ್ಲಿಸಲಿ. ಕಂಡು ತಿಳಿದವರು ರಚಿಸಿದ ಆಟದಲ್ಲಿ ಮಾತ್ರ ನಾಡು ನಾಡಾಗಿ ಉಳಿದೀತು.