ಹಾಡಿನ ಬಯಲು ಊರೊಳಗೋ, ಊರಾಚೆಗೋ?

ವಿಜಯಪುರದ ಪಶ್ಚಿಮಕ್ಕೆ, ತೊರವಿ ಗ್ರಾಮದ ಬಳಿ ಒಂದು ಪಾಳು ಅರಮನೆ ಇದೆ. ಎತ್ತರದ ಕಮಾನು, ಎದುರಿಗೆ ನೀರಿನ ಹೊಂಡ. ಜನ ಇದನ್ನು ಸಂಗೀತ ಮಹಲ್ ಎಂದು ಕರೆಯುತ್ತಾರೆ. ಇದನ್ನು ಕಟ್ಟಿಸಿದವನು ಎರಡನೇ ಇಬ್ರಾಹಿಂ ಆದಿಲ್‌ಶಾ. ಸರಸ್ವತಿ ಮತ್ತು ಗಣಪತಿಯನ್ನು ಸ್ಮರಿಸಿ ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಬರೆದ ಸಂಗೀತಪ್ರಿಯ ದೊರೆ ಈತ. 1599ರಲ್ಲಿ ರಾಜಧಾನಿಯ ಕೋಟೆಯ ಆಚೆ ನವರಸಪುರ ಎಂಬ ಹೊಸ ನಗರಕ್ಕೆ ಅಡಿಪಾಯ ಹಾಕಿಸಿದ. ಅಲ್ಲಿನ ಸಂಗೀತ ಮಹಲಿನ ಮುಂಭಾಗ ಊರೊಳಗಿನ ಗಗನ ಮಹಲನ್ನೇ ಹೋಲುತ್ತದೆ. ಆದರೆ ಹೊಸ ನಗರ ಬೆಳೆಯಲಿಲ್ಲ. ಅದರ ಕೋಟೆಗೋಡೆ ಪೂರ್ಣಗೊಳ್ಳಲಿಲ್ಲ. 1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಹಳೆಯ ವಿಜಯಪುರ ಮಾತ್ರ ಇಂದಿಗೂ ಜನರಿಂದ ತುಂಬಿದೆ.

ನವರಸಪುರ ಅಳಿದದ್ದು ಯುದ್ಧದಿಂದ ನಿಜ. ಆದರೂ ಅದು ಎತ್ತುವ ಪ್ರಶ್ನೆ ಹಳೆಯದಾಗಿಲ್ಲ. ಸಂಗೀತಕ್ಕೆಂದು ಊರಾಚೆ ಎಷ್ಟೇ ಭವ್ಯವಾದ ಜಾಗ ಕಟ್ಟಿದರೂ ಜನ ಅಲ್ಲಿಗೆ ಹೋಗಿ ನೆಲೆಯಾದಾರೇ? ನಗರಗಳ ನಡುವಿನ ಬಯಲು ರಂಗಗಳನ್ನು ಹೊರವಲಯಕ್ಕೆ ಸಾಗಿಸುವ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಮತ್ತೆ ಏಳುತ್ತದೆ.

ಮೈಸೂರಿನ ಅನುಭವ

ಇತ್ತೀಚಿನ ಉದಾಹರಣೆ ಮೈಸೂರಿನದು. ದಸರೆಯ ಅಂಗವಾದ ಯುವ ದಸರಾ ಸಂಗೀತ ಕಾರ್ಯಕ್ರಮಗಳು ನಗರದ ನಡುವಿನ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದವು. 2024ರಲ್ಲಿ ಅವನ್ನು ಚಾಮುಂಡಿ ಬೆಟ್ಟದ ತಪ್ಪಲಿನ ಉತ್ತನಹಳ್ಳಿ ಬಳಿಯ ಬಯಲಿಗೆ ಸ್ಥಳಾಂತರಿಸಲಾಯಿತು. 2025ರಲ್ಲೂ ಅಲ್ಲಿಯೇ ನಡೆದವು.

ಸ್ಥಳಾಂತರದ ಪರವಾದ ವಾದ ತಳ್ಳಿಹಾಕುವಂಥದ್ದಲ್ಲ. ಹೆಸರಾಂತ ಗಾಯಕರು ಬಂದಾಗ ಸೇರುವ ಜನರಿಗೆ ಹಳೆಯ ಮೈದಾನ ಸಾಲದು. ದಸರೆಯ ದಿನಗಳಲ್ಲಿ ದೀಪಾಲಂಕಾರ ನೋಡಲು ಬರುವವರಿಂದಲೇ ಬೀದಿಗಳು ಕಿಕ್ಕಿರಿದಿರುತ್ತವೆ. ಅದರ ಮೇಲೆ ಇನ್ನಷ್ಟು ಸಾವಿರ ಜನ ಒಂದೇ ಸ್ಥಳಕ್ಕೆ ನುಗ್ಗಿದರೆ ಆಂಬುಲೆನ್ಸಿಗೂ ದಾರಿ ಇರುವುದಿಲ್ಲ.

ಎದುರು ವಾದಕ್ಕೂ ತೂಕವಿದೆ. ಊರ ನಡುವಿನ ಮೈದಾನಕ್ಕೆ ನಡೆದು ಬರುವವರಿದ್ದಾರೆ. ಹಾಸ್ಟೆಲಿನ ವಿದ್ಯಾರ್ಥಿಗಳು, ಅಂಗಡಿ ಮುಚ್ಚಿ ಬರುವ ಕೆಲಸಗಾರರು, ಮೊಮ್ಮಕ್ಕಳ ಕೈ ಹಿಡಿದು ಬರುವ ಹಿರಿಯರು ಇವರೇ. ಹೊರವಲಯದ ಬಯಲಿಗೆ ಸ್ವಂತ ವಾಹನ ಬೇಕು, ಇಲ್ಲವೇ ತಡರಾತ್ರಿಯವರೆಗೆ ಬಸ್ ಇರಬೇಕು. ಒಬ್ಬಳೇ ಮರಳುವ ಯುವತಿಗೆ ದಾರಿಯುದ್ದಕ್ಕೂ ಬೆಳಕಿರಬೇಕು.

ಕಾನೂನು ಹೇಳುವುದೇನು?

ಬಯಲು ಸಂಗೀತದ ಮೇಲೆ ದೊಡ್ಡ ಕಡಿವಾಣ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳದ್ದು. 2000ದಲ್ಲಿ ಜಾರಿಗೆ ಬಂದ ಈ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯ ಎಂದು ಘೋಷಿಸಲು ಅವಕಾಶವಿದೆ.

ಸ್ಮಾರಕದ ಆವರಣವಾದರೆ ಇನ್ನೊಂದು ನಿಯಮವೂ ಸೇರುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಸಭೆ ಅಥವಾ ಮನರಂಜನೆ ಏರ್ಪಡಿಸಲು ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕೆಂದು 1959ರ ನಿಯಮಗಳು ಹೇಳುತ್ತವೆ. ಹೆಜ್ಜೆ ಹೆಜ್ಜೆಗೂ ಸ್ಮಾರಕಗಳಿರುವ ವಿಜಯಪುರದಂಥ ಊರಿನಲ್ಲಿ ಉತ್ಸವದ ವೇದಿಕೆಗೆ ಜಾಗ ಹುಡುಕುವುದು ಆದ್ದರಿಂದಲೇ ಸುಲಭವಲ್ಲ.

ದೂರ ಹೋದರೆ ಶಬ್ದ ತಗ್ಗುತ್ತದೆಯೇ? ತಗ್ಗುತ್ತದೆ. ತೆರೆದ ಬಯಲಿನಲ್ಲಿ ಒಂದೇ ಮೂಲದಿಂದ ಹೊರಡುವ ಶಬ್ದ, ದೂರ ಎರಡು ಪಟ್ಟಾದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ 100 ಮೀಟರ್ ಬದಲು 800 ಮೀಟರ್ ದೂರದಲ್ಲಿರುವ ಮನೆಗೆ ಸುಮಾರು 18 ಡೆಸಿಬಲ್ ಕಡಿಮೆ. ಆದರೆ ಊರು ಬಿಡದೆಯೂ ಒಂದು ಉಪಾಯವಿದೆ. ವೇದಿಕೆಯ ಮೇಲೆ ದೈತ್ಯ ಧ್ವನಿವರ್ಧಕಗಳನ್ನು ಪೇರಿಸುವ ಬದಲು, ಸಣ್ಣವನ್ನು ಪ್ರೇಕ್ಷಕರ ನಡುವೆ ಅಲ್ಲಲ್ಲಿ ಇಟ್ಟರೆ ಕಡಿಮೆ ಶಬ್ದದಲ್ಲೇ ಕೊನೆಯ ಸಾಲಿನವರಿಗೂ ಹಾಡು ಕೇಳುತ್ತದೆ.

ಪುಣೆಯ ಪಾಠ

ಕನ್ನಡಿಗರಿಗೆ ಹತ್ತಿರದ ಇನ್ನೊಂದು ಸ್ಥಳಾಂತರ ಪುಣೆಯದು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ದಶಕಗಳ ಕಾಲ ಹಳೆಯ ಪೇಟೆಯ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯಿತು. ಒಂದು ಕಾಲಕ್ಕೆ ಅಲ್ಲಿ ಬೆಳಗಿನ ರಾಗಗಳವರೆಗೂ ಕಛೇರಿ ಸಾಗುತ್ತಿತ್ತು. ಶಬ್ದ ನಿಯಮಗಳು ಬಂದ ಮೇಲೆ ಆ ಅಹೋರಾತ್ರಿ ಸಂಪ್ರದಾಯ ನಿಂತಿತು. 2018ರಲ್ಲಿ ಉತ್ಸವವೇ ಮುಕುಂದನಗರದ ಕ್ರೀಡಾ ಸಂಕೀರ್ಣಕ್ಕೆ ಹೋಯಿತು. ಹಳೆಯ ಶ್ರೋತೃಗಳಿಗೆ ನೋವಾದರೂ ಉತ್ಸವ ಉಳಿಯಿತು. ಹೊಸ ಜಾಗವೂ ನಗರದೊಳಗೇ ಇದೆ, ಅಲ್ಲಿಗೆ ಹೋಗಿ ಬರುವುದು ಕಷ್ಟವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹಳ್ಳಿಗಳಲ್ಲಿ ಈ ಚರ್ಚೆಯೇ ಇರಲಿಲ್ಲ. ಭೀಮಾ ತೀರದ ದೇವಣಗಾಂವದಂಥ ಊರುಗಳ ಸೀಮೆಯಲ್ಲಿ ದೊಡ್ಡಾಟವೋ ಭಜನೆಯೋ ಗುಡಿಯ ಮುಂದೆ, ಊರ ನಡುವೆಯೇ ನಡೆಯುತ್ತಿತ್ತು. ಕೇಳುವವರು ಮನೆಯಿಂದ ಚಾಪೆ ತರುತ್ತಿದ್ದರು. ನಿದ್ದೆ ಬಂದ ಮಕ್ಕಳನ್ನು ಹೊತ್ತು ಹತ್ತು ಹೆಜ್ಜೆಯಲ್ಲಿ ಮನೆ ಸೇರುತ್ತಿದ್ದರು. ಅದೇ ಹಳ್ಳಿಯವರು ಇಂದು ಉತ್ಸವ ನೋಡಲು ಸಿಂದಗಿ ದಾಟಿ ವಿಜಯಪುರಕ್ಕೆ ಬಂದರೆ ಅವರಿಗೆ ತಿಳಿದಿರುವ ಊರೆಂದರೆ ಬಸ್ ನಿಲ್ದಾಣದ ಸುತ್ತಲಿನ ಊರು. ರಂಗ ಅಲ್ಲಿಂದ ದೂರ ಸರಿದಷ್ಟೂ ಮೊದಲು ಕಡಿಮೆಯಾಗುವವರು ಇವರೇ.

ಹಾಗಾದರೆ ಬಯಲು ರಂಗಗಳು ಎಂದಿಗೂ ಕದಲಬಾರದೇ? ಹಾಗೇನಿಲ್ಲ. ಆಸ್ಪತ್ರೆಯ ರೋಗಿಗೂ ಪರೀಕ್ಷೆಗೆ ಓದುವ ಹುಡುಗನಿಗೂ ನಿದ್ದೆಯ ಹಕ್ಕಿದೆ. ಲಕ್ಷ ಜನ ಸೇರುವ ಮೇಳಕ್ಕೆ ವಿಶಾಲ ಬಯಲೇ ಸರಿ. ಆದರೆ ಐನೂರು ಜನ ಕುಳಿತು ಕೇಳುವ ವಚನ ಗಾಯನವನ್ನೂ ಅದರ ಹಿಂದೆಯೇ ಊರಾಚೆಗೆ ಕಳಿಸಬೇಕಾಗಿಲ್ಲ. ದೊಡ್ಡದು ಹೊರಗೆ ಹೋಗಲಿ, ಸಣ್ಣದು ಊರ ನಡುವೆ ಉಳಿಯಲಿ. ಹೊರಗೆ ಹೋಗುವುದಾದರೆ ವೇದಿಕೆಗಿಂತ ಮೊದಲು ಬಸ್ಸು, ಬೀದಿದೀಪ, ಕುಡಿಯುವ ನೀರು, ಶೌಚಾಲಯಗಳು ಅಲ್ಲಿಗೆ ತಲುಪಲಿ. ತೊರವಿಯಲ್ಲಿ ಕಮಾನು ಇನ್ನೂ ನಿಂತಿದೆ. ಅದರ ಮುಂದೆ ಕುಳಿತು ಕೇಳುವವರು ಮಾತ್ರ ಇಲ್ಲ.