ರೌಟರಿನ ದಾಖಲೆಯೂ ಅದರ ಗಡಿಯಾರವೂ

ಜಾಲಗಳ ಸಂಧಿಸ್ಥಾನದಲ್ಲಿ ನಿಂತು ಪ್ರತಿಯೊಂದು ಪ್ಯಾಕೆಟ್ಟಿನ ವಿಳಾಸವನ್ನು ಪರಿಶೀಲಿಸಿ ತಕ್ಕ ದಾರಿಗೆ ಸಾಗಿಸುವ ರೌಟರು, ಆ ಕಾರ್ಯದ ನಡುವೆಯೇ ತನ್ನಲ್ಲಿ ಸಂಭವಿಸಿದ ಘಟನೆಗಳನ್ನು, ಎಂದರೆ ಒಂದು ಕೊಂಡಿ ಕಡಿದುದನ್ನೂ, ನೆರೆಯ ರೌಟರಿನೊಡನೆ ಸಂಬಂಧ ನಿಂತುದನ್ನೂ, ಯಾರೋ ಒಳಹೊಕ್ಕು ವಿನ್ಯಾಸವನ್ನು ತಿದ್ದಿದುದನ್ನೂ, ಒಂದೊಂದು ಸಾಲಿನಲ್ಲಿ ಬರೆದಿಡುತ್ತದೆ. ಆ ಸಾಲುಗಳೇ ಲಾಗ್. ಅವನ್ನು ಬೇರೊಂದು ಯಂತ್ರಕ್ಕೆ ತಲಪಿಸುವ ಕ್ರಮವೇ ಸಿಸ್‌ಲಾಗ್. 1980ರ ದಶಕದ ಆದಿಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಎಂಬವರು ಸೆಂಡ್‌ಮೇಲ್ ಎಂಬ ಅಂಚೆಯ ತಂತ್ರಾಂಶಕ್ಕೆ ಅಂಗವಾಗಿ ಇದನ್ನು ರಚಿಸಿದರು. ಇದು ಲೋಕದಲ್ಲೆಲ್ಲ ಹರಡಿ ಎಷ್ಟೋ ವರ್ಷಗಳಾದ ಮೇಲೆ, 2001ರಲ್ಲಿ, ಅಂತರಜಾಲದ ಕ್ರಮಗಳನ್ನು ಪ್ರಕಟಿಸುವ ಪತ್ರಮಾಲೆಯಲ್ಲಿ, ಆರ್‌ಎಫ್‌ಸಿ 3164 ಎಂಬ ಪತ್ರವು ಆವರೆಗಿನ ರೂಢಿಯನ್ನು ವರ್ಣಿಸಿತು. 2009ರ ಆರ್‌ಎಫ್‌ಸಿ 5424 ಅದನ್ನು ವಿಧಿಬದ್ಧಗೊಳಿಸಿತು. ಶಾಸ್ತ್ರಕ್ಕೆ ಮುನ್ನ ರೂಢಿಯೇ ಬೆಳೆದು ನಿಂತ ಈ ಇತಿಹಾಸವನ್ನು ನೆನಪಿನಲ್ಲಿಟ್ಟರೆ, ಸಿಸ್‌ಲಾಗಿನಲ್ಲಿ ಕಾಣುವ ಅನೇಕ ಕೊರತೆಗಳ ಮೂಲವು ತಾನಾಗಿಯೇ ತಿಳಿಯುತ್ತದೆ.

ಉದಾಹರಣೆಗಾಗಿ ಸಿಸ್ಕೊ ರೌಟರುಗಳ ಐಓಎಸ್ ವ್ಯವಸ್ಥೆಯನ್ನು ತೆಗೆದುಕೊಳ್ಳೋಣ. ಇಲ್ಲಿ ದಾಖಲೆಯು ನಾಲ್ಕು ಕಡೆ ಹರಿಯಬಲ್ಲುದು: ಕನ್ಸೋಲ್, ದೂರದಿಂದ ಒಳಬಂದವನ ತೆರೆ, ರೌಟರಿನೊಳಗಿನ ಬಫರ್, ಹೊರಗಿನ ಸರ್ವರ್. ಇವುಗಳಲ್ಲಿ ಬಫರು ಸ್ಮೃತಿಯಲ್ಲಿರುವ ಒಂದು ವರ್ತುಲವಾದುದರಿಂದ, ತುಂಬಿದ ಕೂಡಲೆ ಹಳೆಯ ಸಾಲುಗಳನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಯಂತ್ರವು ಪುನರಾರಂಭಗೊಂಡರೆ ಅದರಲ್ಲಿದ್ದುದು ಸಾಮಾನ್ಯವಾಗಿ ಉಳಿಯದು. ಕನ್ಸೋಲಿನ ರೂಢಿಯ ವೇಗ ಸೆಕೆಂಡಿಗೆ 9600 ಬಿಟ್, ಅಂದರೆ ಸುಮಾರು 960 ಅಕ್ಷರ ಮಾತ್ರ. ಡೀಬಗ್ ಸಂದೇಶಗಳ ಪ್ರವಾಹವನ್ನು ಆ ಇಕ್ಕಟ್ಟಿನೊಳಗೆ ಬಿಟ್ಟರೆ ಸಂಸ್ಕಾರಕವು ಅಕ್ಷರಗಳನ್ನು ಹೊರಡಿಸುವುದರಲ್ಲಿಯೇ ಮಗ್ನವಾಗಿ ರೌಟರು ಸ್ತಬ್ಧವಾದೀತು. ಆದಕಾರಣ ‘ನೋ ಲಾಗಿಂಗ್ ಕನ್ಸೋಲ್’ ಎಂದು ಮೊದಲೇ ಆಜ್ಞಾಪಿಸುವುದು ವಿವೇಕ. ಸರ್ವರಿಗೆ ಕಳುಹಿಸಲು ‘ಲಾಗಿಂಗ್ ಹೋಸ್ಟ್’ ಎಂಬ ಆಜ್ಞೆಯ ಮುಂದೆ ಅದರ ವಿಳಾಸವನ್ನು ಕೊಟ್ಟರಾಯಿತು. ‘ಲಾಗಿಂಗ್ ಸೋರ್ಸ್-ಇಂಟರ್‌ಫೇಸ್ ಲೂಪ್‌ಬ್ಯಾಕ್ 0’ ಎಂಬುದನ್ನೂ ಸೇರಿಸಿದರೆ, ಸಂದೇಶವು ಯಾವ ದಾರಿಯಿಂದ ಹೊರಟರೂ ಒಂದೇ ವಿಳಾಸದ ಹೆಸರಿನಲ್ಲಿ ಸರ್ವರನ್ನು ಸೇರುತ್ತದೆ.

ಹೊಸಬರೆಲ್ಲ ಎಡವುವ ಸ್ಥಳ ಪ್ರತಿ ಸಂದೇಶವೂ ಹೊರುವ ತೀವ್ರತೆಯ ಅಂಕಿ. ತುರ್ತುಸ್ಥಿತಿಗೆ 0, ತತ್ಕ್ಷಣದ ಕ್ರಮ ಬೇಡುವ ಎಚ್ಚರಕ್ಕೆ 1, ವಿಷಮಾವಸ್ಥೆಗೆ 2, ದೋಷಕ್ಕೆ 3, ಮುನ್ನೆಚ್ಚರಿಕೆಗೆ 4, ಗಮನಾರ್ಹ ಸಂಗತಿಗೆ 5, ಬರಿಯ ಮಾಹಿತಿಗೆ 6, ಡೀಬಗ್ಗಿಗೆ 7. ಅಂಕಿ ಇಳಿದಂತೆ ಗಾಂಭೀರ್ಯ ಏರುತ್ತದೆ. ‘ಲಾಗಿಂಗ್ ಟ್ರ್ಯಾಪ್ 4’ ಎಂದರೆ 0ರಿಂದ 4ರವರೆಗಿನ ಎಲ್ಲವೂ ಸರ್ವರಿನತ್ತ ಹೊರಡುತ್ತವೆ, ಮಿಕ್ಕವು ಹೊರಡವು. ಇಷ್ಟನ್ನು ಅರಿತವರೂ ಬೀಳುವ ಇನ್ನೊಂದು ಭ್ರಮೆಯಿದೆ: ನಮ್ಮ ಜಾಲಕ್ಕೆ ದೊಡ್ಡ ಅಪಾಯವಾದುದೆಲ್ಲ ಚಿಕ್ಕ ಅಂಕಿಯನ್ನೇ ಹೊತ್ತು ಬರುವುದೆಂದು ನಂಬಿ, ಅವರು ಮಿತಿಯನ್ನು 4ಕ್ಕೆ ನಿಲ್ಲಿಸಿ ನಿಶ್ಚಿಂತರಾಗುತ್ತಾರೆ. ಆದರೆ ಆ ಅಂಕಿಯನ್ನು ಗೊತ್ತುಮಾಡಿದವನು ತಂತ್ರಾಂಶವನ್ನು ಬರೆದವನು. ನಮ್ಮ ಕಚೇರಿಯ ಕಷ್ಟನಷ್ಟಗಳನ್ನು ಅವನು ಬಲ್ಲವನಲ್ಲ. ಕೊಂಡಿ ಕಡಿದಾಗ ಬರುವ ‘ಲಿಂಕ್-3-ಅಪ್‌ಡೌನ್’ ಎಂಬ ಸಾಲು ದೋಷದ ವರ್ಗಕ್ಕೆ ಸೇರಿದೆ. ಅದೇ ಕೊಂಡಿ ಕ್ಷೇಮವಾಗಿ ಮರಳಿ ಕೂಡಿದಾಗಲೂ ಬರುವುದು ಅದೇ 3ನೆಯ ವರ್ಗದ ಸಾಲು. ಸಂಸ್ಥೆಯ ಹೊರಲೋಕದ ಸಂಪರ್ಕವನ್ನೇ ಕತ್ತರಿಸಬಲ್ಲ ಜಾಲಗಳು ಪರಸ್ಪರ ದಾರಿಗಳನ್ನು ತಿಳಿಸಿಕೊಳ್ಳುವ ಬಿಜಿಪಿ ಕ್ರಮದ ನೆರೆಸಂಬಂಧದ ಭಂಗವಾದರೋ ‘ಬಿಜಿಪಿ-5-ಅಡ್ಜ್‌ಚೇಂಜ್’ ಎಂದು 5ರಲ್ಲಿ ಅಡಗಿದೆ. ವಿನ್ಯಾಸವನ್ನು ಯಾರು ಯಾವ ವಿಳಾಸದಿಂದ ತಿದ್ದಿದರೆಂದು ತಿಳಿಸುವ, ವಿಚಾರಣೆಗಳಲ್ಲಿ ಮೊಟ್ಟಮೊದಲು ಹುಡುಕಲ್ಪಡುವ ‘ಸಿಸ್-5-ಕಾನ್ಫಿಗ್_ಐ’ ಎಂಬ ಸಾಲೂ 5ರದೇ. 4ಕ್ಕೆ ಬಾಗಿಲು ಹಾಕಿದವರು ಇವೆರಡನ್ನೂ ಕಳೆದುಕೊಂಡಿರುತ್ತಾರೆ. ಐಓಎಸ್ ತಾನಾಗಿಯೇ ಸರ್ವರಿಗೆ 6ರವರೆಗೆ ಕಳುಹಿಸುತ್ತದೆ. ಬಲವಾದ ಕಾರಣವಿಲ್ಲದೆ ಅದನ್ನು ಇಳಿಸಬಾರದು.

ಈ ಅಂಕಿಯು ಸಾಗುವ ಬಗೆಯೂ ಬಹು ಸೊಗಸಾದುದು. ಪ್ರತಿ ಸಂದೇಶದ ಆದಿಯಲ್ಲಿ ಕೋನಾವರಣದೊಳಗೆ ಒಂದು ಸಂಖ್ಯೆಯಿರುತ್ತದೆ. ಸಂದೇಶದ ಮೂಲವರ್ಗವನ್ನು 8ರಿಂದ ಗುಣಿಸಿ ತೀವ್ರತೆಯನ್ನು ಕೂಡಿಸಿದರೆ ಆ ಸಂಖ್ಯೆ ದೊರೆಯುತ್ತದೆ. ಸಿಸ್ಕೊ ರೌಟರುಗಳು ರೂಢಿಯಾಗಿ ಬಳಸುವ ಲೋಕಲ್7 ಎಂಬ ವರ್ಗದ ಕ್ರಮಾಂಕ 23. ಆದುದರಿಂದ 189 ಎಂದು ಕಂಡಾಗ 8ರಿಂದ ಭಾಗಿಸಿ ನೋಡಿ: ಭಾಗಲಬ್ಧ 23, ಶೇಷ 5. ಮೂರೇ ಅಂಕಿಗಳಲ್ಲಿ ಎರಡು ಸಂಗತಿಗಳನ್ನು ಗೊಂದಲವಿಲ್ಲದೆ ಹುದುಗಿಸಿದ ಈ ಮಿತವ್ಯಯವನ್ನು ಎಷ್ಟು ಸಲ ವಿವರಿಸಿದರೂ ನನಗೆ ಸಂತೋಷ ಕುಂದುವುದಿಲ್ಲ.

ಇನ್ನು ಕಾಲದ ವಿಷಯ. ಇದನ್ನು ನಾನು ಉಳಿದೆಲ್ಲಕ್ಕಿಂತ ಮಿಗಿಲಾಗಿ ಎಣಿಸುತ್ತೇನೆ. ಒಂದು ಅವಘಡವನ್ನು ಅರಿಯಬೇಕಾದರೆ ಐದಾರು ಯಂತ್ರಗಳ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಮೊದಲು, ಯಾವುದು ಅನಂತರ ಎಂದು ನಿರ್ಣಯಿಸಬೇಕು. ಗಡಿಯಾರಗಳು ಹೊಂದದಿದ್ದಲ್ಲಿ ಕಾರ್ಯವೇ ಕಾರಣವಾಗಿ ತೋರುತ್ತದೆ. ಬ್ಯಾಟರಿಯ ಗಡಿಯಾರವಿಲ್ಲದ ಕೆಲವು ಹಳೆಯ ರೌಟರುಗಳು ವಿದ್ಯುತ್ತು ಹೋಗಿ ಬಂದಾಗ 1993ರ ಮಾರ್ಚ್ 1ರಿಂದ ಎಣಿಕೆಯನ್ನು ಆರಂಭಿಸುತ್ತವೆ. ಸಾಲಿನ ಮುಂದೆ ನಕ್ಷತ್ರಚಿಹ್ನೆ ಕಂಡರೆ ಆ ಕಾಲವನ್ನು ನಂಬಲಾಗದೆಂದೂ, ಚುಕ್ಕೆ ಕಂಡರೆ ಗಡಿಯಾರವು ಒಮ್ಮೆ ಸರಿಹೊಂದಿದ್ದು ಈಗ ತನ್ನ ಆಕರದಿಂದ ಬೇರ್ಪಟ್ಟಿದೆಯೆಂದೂ ತಿಳಿಯತಕ್ಕದ್ದು. ಈ ಸಣ್ಣ ಗುರುತುಗಳನ್ನು ಲಕ್ಷಿಸದೆ ದಾಟುವವರೇ ಹೆಚ್ಚು. ಆರ್‌ಎಫ್‌ಸಿ 3164 ವರ್ಣಿಸಿದ ಹಳೆಯ ರೂಪದಲ್ಲಿ ತಿಂಗಳು, ದಿನ, ಗಂಟೆಗಳಿವೆಯೇ ಹೊರತು ವರ್ಷವೂ ಇಲ್ಲ, ಕಾಲವಲಯವೂ ಇಲ್ಲ. ಮಾಸ ಪಕ್ಷ ತಿಥಿಗಳು ಸ್ಪಷ್ಟವಾಗಿದ್ದು ಶಕವರ್ಷ ಮಾತ್ರ ಸವೆದುಹೋದ ಶಾಸನವನ್ನು ಓದುವ ವಿದ್ವಾಂಸನ ಪಾಡು ಅಂಥ ದಾಖಲೆಯನ್ನು ಓದುವವನದು. ಕಾಲವಲಯವನ್ನು ನಮೂದಿಸದಿದ್ದರೆ, ಬೆಂಗಳೂರಿನ ರೌಟರು ಭಾರತೀಯ ಕಾಲದಲ್ಲಿ ರಾತ್ರಿ 11:40 ಎಂದು ಬರೆದ ಘಟನೆಯು ವಿಶ್ವಕಾಲವನ್ನು ಅನುಸರಿಸುವ ಸರ್ವರಿನಲ್ಲಿ ಸಂಜೆ 6:10ರದಾಗಿ ಕುಳಿತು, ಐದೂವರೆ ಗಂಟೆಗಳ ಕಂದಕವನ್ನು ತೆರೆಯುತ್ತದೆ. ‘ಸರ್ವಿಸ್ ಟೈಮ್‌ಸ್ಟ್ಯಾಂಪ್ಸ್ ಲಾಗ್ ಡೇಟ್‌ಟೈಮ್’ ಎಂಬ ಆಜ್ಞೆಗೆ ಮಿಲಿಸೆಕೆಂಡು, ವರ್ಷ, ಕಾಲವಲಯಗಳನ್ನು ಜೋಡಿಸಿ, ‘ಎನ್‌ಟಿಪಿ ಸರ್ವರ್’ ಎಂಬ ಆಜ್ಞೆಯಿಂದ ಗಡಿಯಾರವನ್ನು ನಂಬಿಕೆಯ ಆಕರಕ್ಕೆ ಕಟ್ಟಿದರೆ ಈ ತೊಡಕು ಕಳೆಯುತ್ತದೆ. ನಮ್ಮ ದೇಶದಲ್ಲಿ ಇದು ಕೇವಲ ಸೌಕರ್ಯದ ಮಾತಾಗಿ ಉಳಿದಿಲ್ಲ. 2022ರ ಏಪ್ರಿಲ್ 28ರಂದು ಭಾರತ ಸರಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ದಾಖಲೆಗಳನ್ನು 180 ದಿನ ಕಾಪಾಡಬೇಕೆಂದೂ, ಗಡಿಯಾರಗಳನ್ನು ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನ ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಕಾಲಕ್ಕೆ, ಇಲ್ಲವೆ ಅವುಗಳಿಂದ ಪಡೆದ ಕಾಲಕ್ಕೆ ಹೊಂದಿಸಬೇಕೆಂದೂ ವಿಧಿಸಿದೆ.

ಇಷ್ಟೆಲ್ಲ ಅಣಿಯಾದ ಮೇಲೂ ಒಂದು ಎಚ್ಚರ ಉಳಿಯುತ್ತದೆ. ಸಿಸ್‌ಲಾಗ್ ರೂಢಿಯಾಗಿ ಯುಡಿಪಿ ಎಂಬ ಸಾಗಣೆಯ ಕ್ರಮದ 514ನೆಯ ಪೋರ್ಟಿನಲ್ಲಿ ಸಾಗುತ್ತದೆ. ಸಂದೇಶ ಮುಟ್ಟಿತೆಂಬ ಉತ್ತರವನ್ನು ಅಲ್ಲಿ ಯಾರೂ ಕೊಡುವುದಿಲ್ಲ, ರೌಟರು ಅದನ್ನು ಕೇಳುವುದೂ ಇಲ್ಲ. ಸರ್ವರಿನತ್ತ ಇದ್ದ ಏಕೈಕ ಕೊಂಡಿಯೇ ಕಡಿದಾಗ, ಕಡಿಯಿತೆಂಬ ವಾರ್ತೆಯು ಆ ಕಡಿದ ಕೊಂಡಿಯನ್ನೇ ದಾಟಬೇಕಾಗುತ್ತದೆ. ಆದುದರಿಂದ ಸರ್ವರಿನಲ್ಲಿ ಸಾಲು ಕಾಣದ ಮಾತ್ರಕ್ಕೆ ಘಟನೆ ನಡೆಯಲಿಲ್ಲವೆಂದು ತೀರ್ಮಾನಿಸಲಾಗದು. ರೌಟರಿನ ಬಫರನ್ನೂ ತಕ್ಕಷ್ಟು ಹಿರಿದಾಗಿ ಇಟ್ಟುಕೊಂಡು, ಯಂತ್ರವನ್ನು ಪುನರಾರಂಭಿಸುವ ಮುನ್ನ ಅದನ್ನು ಓದತಕ್ಕದ್ದು. ಗೋಪ್ಯತೆಯೂ ಹೆಚ್ಚು ನೆಚ್ಚಬಹುದಾದ ತಲಪುವಿಕೆಯೂ ಬೇಕಾದೆಡೆ, ಉಪಕರಣವು ಶಕ್ತವಾಗಿದ್ದರೆ, ಟಿಎಲ್‌ಎಸ್ ಹೊದಿಕೆಯುಳ್ಳ 6514ನೆಯ ಪೋರ್ಟನ್ನು ಬಳಸಬಹುದು.

ಓದುಗರು ಇಲ್ಲಿಗೇ ನಿಲ್ಲಬಾರದೆಂದು ನನ್ನ ಪ್ರಾರ್ಥನೆ. ಆರ್‌ಎಫ್‌ಸಿ 5424ನ್ನು ಒಮ್ಮೆ ಮೂಲದಲ್ಲಿಯೇ ಓದಿ. ಆಮೇಲೆ ಡೇವಿಡ್ ಮಿಲ್ಸ್ 1985ರಲ್ಲಿ ಪತ್ರರೂಪದಲ್ಲಿ ಮಂಡಿಸಿದ, ಗಡಿಯಾರಗಳನ್ನು ಜಾಲದ ಮೂಲಕ ಹೊಂದಿಸುವ ಕ್ರಮವಾದ ಎನ್‌ಟಿಪಿಯ ಕಡೆಗೆ ತಿರುಗಿ, ಕೇಳುವವನು ಕಳುಹಿಸಿದ ಕಾಲ, ಹೇಳುವವನು ಪಡೆದ ಕಾಲ, ಅವನು ಮರಳಿ ಕಳುಹಿಸಿದ ಕಾಲ, ಇವನಿಗೆ ಮುಟ್ಟಿದ ಕಾಲ ಎಂಬ ನಾಲ್ಕೇ ಅಂಕಿಗಳಿಂದ ಎರಡು ದೂರದ ಗಡಿಯಾರಗಳ ಅಂತರವನ್ನು ಎಣಿಸುವ ಲೆಕ್ಕವನ್ನು ಕಾಗದದ ಮೇಲೆ ಸ್ವತಃ ಮಾಡಿ ನೋಡಿ. ಹೋಗಲು ಹಿಡಿದಷ್ಟೇ ಹೊತ್ತು ಬರಲೂ ಹಿಡಿಯುತ್ತದೆಂಬ ಒಂದು ಊಹೆ ಆ ಲೆಕ್ಕದಲ್ಲಿದೆ. ಅದು ಎಲ್ಲೆಲ್ಲಿ ಕೆಡುತ್ತದೆ, ಕೆಟ್ಟಾಗ ಎಷ್ಟು ತಪ್ಪುತ್ತದೆ ಎಂಬುದನ್ನು ನೀವೇ ಕಂಡುಹಿಡಿಯಿರಿ.